ನಾಲ್ಕನೆಯ ತೂತು

ಭೋಸರಿಯ ಗುಜರಿಯವನು ತೂಕದ ಲೆಕ್ಕದಲ್ಲಿ ಕೊಟ್ಟ:
ನೂರಾ ತೊಂಬತ್ತು ಕಿಲೋ, ತುಕ್ಕೂ ಸೇರಿ.
ಹನ್ನೊಂದು ವರ್ಷ ಮದುವೆ ಮೆರವಣಿಗೆಗಳ ಹಿಂದೆ
ಜನರೇಟರು ಹೊತ್ತು ನಡೆದ ಗಾಡಿ.
ಮುಂದೆ ಕುದುರೆ, ವರ, ಬ್ಯಾಂಡು,
ತಲೆಯ ಮೇಲೆ ದೀಪದ ಗೊಂಚಲು ಹೊತ್ತ ಹೆಂಗಸರು,
ಕಟ್ಟಕಡೆಗೆ ಹೊಗೆಯುಗುಳುತ್ತ ಇದು.
ಯಾರ ಫೋಟೋದಲ್ಲೂ ಬಂದಿಲ್ಲ.

ವೆಲ್ಡಿಂಗಿನ ದಸ್ತಗೀರ ಟಯರಿಗೆ ಒದ್ದು ನೋಡಿದ.
ಇಂಡಿ ಕಡೆಯವನು; ಪುಣೆಗೆ ಬಂದು ಇಪ್ಪತ್ತು ವರ್ಷ,
ಬೈಗುಳ ಮಾತ್ರ ಇನ್ನೂ ಊರಿನದೇ.
"ಇದನ್ನ ತಗೊಂಡು ಗುಡ್ಡಾ ಹತ್ತತೀರೇನ್ರಿ ಬಾಯಾರ?
ಇದಕ್ಕ ಡಾಂಬರ ಬಿಟ್ರ ಬ್ಯಾರೆ ನೆಲಾನ ಗೊತ್ತಿಲ್ಲ."
ನನ್ನ ನಾದಿನಿ ಅಕ್ಕಾತಾಯಿ ಅಂದಳು:
"ನಮಗರ ಎಲ್ಲಿ ಗೊತ್ತೈತಿ?"

ಏಳು ಪಾಟಾಗಳಲ್ಲಿ ಎರಡು ಕಳಚಿದ.
ಜನರೇಟರಿನ ಭಾರಕ್ಕೆ ಇದ್ದ ಬಿಗುವು ಅದು,
ನಮ್ಮ ಪಾತ್ರೆ ಪಗಡಕ್ಕೆ ಅಷ್ಟಿದ್ದರೆ
ಕಲ್ಲಿಗೊಮ್ಮೆ ಕುಣಿಯುತ್ತದಂತೆ.
ಅಚ್ಚನ್ನು ಪಾಟಾದ ಕೆಳಗೆ ತಂದು ಮೈಯೆತ್ತರ ಮಾಡಿದ.
ಜೀಪಿನ ಚಕ್ರವನ್ನೇ ಹಾಕಿದ, ಒಂದೇ ಸ್ಟೆಪ್ನಿ ಎರಡಕ್ಕೂ.
ಮೂತಿಯನ್ನು ಒಂದು ಮೊಳ ಉದ್ದ ಮಾಡಿದ.
ಹಿಂಬಾಗಿಲಿಗೆ ಒಲೆಯ ಡ್ರಾವರು,
ಪಕ್ಕಕ್ಕೆ ನಲವತ್ತು ಲೀಟರಿನ ಟಾಕಿ;
ಅದರ ನಲ್ಲಿಗೆ ಅಕ್ಕಾತಾಯಿ ಸೋಸುವ ಬಟ್ಟೆ ಕಟ್ಟಿದಳು,
ಬಸದಿಗೆ ಹೊರಟವಳ ಹಾಗೆ, ಮೂರು ಮಡಿಕೆ.
ಆಮೇಲೆ ನನ್ನ ಕಿವಿಯಲ್ಲಿ:
"ಅಣ್ಣಗ ಖರ್ಚು ಹೇಳೂವಾಗ ಒಂದು ಸೊನ್ನಿ ನುಂಗು."

ಜನರೇಟರು ಕೂತಿದ್ದ ಕಡೆ ನಾಲ್ಕು ಬೋಲ್ಟಿನ ತೂತು.
ಮೂರನ್ನು ಮುಚ್ಚುವಷ್ಟರಲ್ಲಿ ರಾಡು ಮುಗಿಯಿತು.
ನಾಳೆ ಗುರುವಾರ, ಕಾರ್ಖಾನೆ ಸಾಲಿಗೆಲ್ಲ ಕರೆಂಟಿಲ್ಲ.
ಊರಿಗೆಲ್ಲ ಬೆಳಕು ಹೊತ್ತು ತಿರುಗಿದ ಗಾಡಿ
ಕತ್ತಲ ಶೆಡ್ಡಿನಲ್ಲಿ ಒಂದು ದಿನ ಸುಮ್ಮನೆ ನಿಂತಿತು.
ನಾವು ಕಾಯಲಿಲ್ಲ.

ವೆಲ್ಹೆ ದಾಟಿದ ಮೇಲೆ ಡಾಂಬರು ಕೈಬಿಟ್ಟಿತು.
ಕಾರೀಕಲ್ಲು, ಕೆಂಪು ಕೆಸರು, ಆಳೆತ್ತರದ ಹುಲ್ಲು.
ಐದಕ್ಕೆಲ್ಲ ದಾರಿ ತಪ್ಪಿತ್ತು,
ಹೊತ್ತು ಮುಳುಗಿದ ಮೇಲೆ ಅಕ್ಕಾತಾಯಿ ಉಣ್ಣುವುದಿಲ್ಲ.
ಇಳಿದು ಕೈಬೀಸಿ ಒದರಿದಳು:
"ಬಲಕ್ಕ! ನಿನ್ನ ಬಲ ಅಲ್ಲವಾ, ಅದರ ಬಲ!"
ನಾನು ಬಲಕ್ಕೆಳೆದರೆ ಅದು ಎಡಕ್ಕೆ,
ನಾನು ಎಡಕ್ಕೆಂದರೆ
ಜೀಪನ್ನೇ ಮಡಚಿ ಜೇಬಿಗಿಡಲು ಹೊರಟಿತು.
ಕೊನೆಗೆ ಕೊಂಡಿ ಕಳಚಿ, ಕೈಯಿಂದಲೇ ತಿರುಗಿಸಲು ನಿಂತೆವು.

ಹುಲ್ಲಿನ ಹೊರೆ ಹೊತ್ತು ಬಂದವಳು
ಹೊರೆ ಇಳಿಸಿ, ಏನೂ ಕೇಳದೆ ಹೆಗಲು ಕೊಟ್ಟಳು.
ಗಾಡಿ ತಿರುಗಿತು. ಪಕ್ಕದ ತಗಡು ಅವಳೆದುರಿಗೆ ಬಂತು:
ಬಣ್ಣ ಬಳಿಯಲು ಮರೆತ ಕೆಂಪಕ್ಷರ, 'ಮಂಗಲದೀಪ ಲೈಟ್ಸ್',
ಕೆಳಗೆ ಮುಗಿದ ಎರಡು ಕೈ.
"ಮದುವೆ ಯಾರದು?" ಮರಾಠಿಯಲ್ಲಿ ಕೇಳಿದಳು.
"ನನ್ನದೇ," ಎಂದಳು ಅಕ್ಕಾತಾಯಿ,
ಐವತ್ತೆಂಟರ ಮುಖವನ್ನು ಒಂದಿಷ್ಟೂ ಅಲುಗಿಸದೆ.
ಆಕೆ ಅಡಿಯಿಂದ ಮುಡಿಯವರೆಗೆ ನೋಡಿ
"ತಡವಾಯಿತು, ಬೇಗ ಹೋಗಿ," ಎಂದಳು.

ಉಂಡದ್ದು ಹೊತ್ತು ಮುಳುಗಲು ಆರು ನಿಮಿಷ ಇರುವಾಗ:
ಕಟಕ ರೊಟ್ಟಿ, ಶೇಂಗಾ ಹಿಂಡಿ.

ರಾತ್ರಿ ನಿದ್ದೆ ಹತ್ತಲಿಲ್ಲ.
ಸದ್ದಿಲ್ಲದ್ದಕ್ಕೋ, ತಗಡಿನಿಂದೇಳುವ
ಹಳೆಯ ಡೀಸೆಲ್ ವಾಸನೆಗೋ.
ಚಾಪೆಯಂಚಿನಲ್ಲಿ ಬೆರಳಿಗೆ ಆ ತೂತು ಸಿಕ್ಕಿತು.
ಕೆಳಗಿನಿಂದ ತಣ್ಣಗೆ ಗಾಳಿ ಬರುತ್ತಿತ್ತು,
ಯಾರೋ ಬಿಸಿ ಹಾಲಿಗೆ ಊದಿದ ಹಾಗೆ.
"ಎಚ್ಚರದಿಯೇನ?" ಎಂದಳು ಅಕ್ಕಾತಾಯಿ.
ಇಲ್ಲ ಎಂದೆ.
ಸರಿ ಎಂದು ಮಗ್ಗುಲು ಬದಲಿಸಿದಳು.

ಬೆಳಿಗ್ಗೆ ಅವಳ ಹೆರಳಿನ ಪಿನ್ನು ಕಾಣಲಿಲ್ಲ.
ಹಾಸಿಗೆ ಕೊಡವಿ, ಡ್ರಾವರು ತೆಗೆದು, ಬೈದುಕೊಂಡು
ಗಾಡಿಯನ್ನು ಜೀಪಿಗೆ ಕಟ್ಟಿ ಎಳೆದಾಗ
ಇಬ್ಬನಿ ಕೂತ ಬಯಲಿನ ನಡುವೆ
ಒಂದು ಒಣ ಚೌಕ,
ಅದರ ಒಂದು ಮೂಲೆಯಲ್ಲಿ
ಪಿನ್ನು.